ಬಾವಿ ಸಾಲಿನ ಎಲೆ

ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನಲ್ಲಿ ನೀಲಾಳಿಗೆ ನಗು ಬಂತು, ಬಂದದ್ದು ಹೋಗಲಿಲ್ಲ. ನಗುವಂಥದ್ದು ಏನೂ ಆಗಿರಲಿಲ್ಲ. ಬೆಳಿಗ್ಗೆ ಹಾಸ್ಟೆಲಿನ ಬಚ್ಚಲಲ್ಲಿ ಮುಟ್ಟು ಶುರುವಾದದ್ದು ನೋಡಿ ಹಣೆಯನ್ನು ಗೋಡೆಗೆ ಹಚ್ಚಿ ತುಸು ಹೊತ್ತು ನಿಂತಿದ್ದಳು. ಆಮೇಲೆ ಖಾಲಿ ಹೊಟ್ಟೆಗೇ ನೋವಿನ ಗುಳಿಗೆ ನುಂಗಿದ್ದಳು. ಆ ಗುಳಿಗೆ ಈಗ ಹೊಟ್ಟೆಯ ಉಸಾಬರಿ ಬಿಟ್ಟು ತಲೆಗೆ ಏರಿ, ಬಾಳೆಹಣ್ಣಿನ ಗಾಡಿ, ಬೆಂಚಿನ ಮೇಲೆ ಮಲಗಿದ ನಾಯಿ, ಮೈಕಿನಲ್ಲಿ ಊರುಗಳ ಹೆಸರನ್ನು ಅರ್ಧ ನುಂಗಿ ಅರ್ಧ ಕೂಗುವ ಕಂಟ್ರೋಲರ್, ಎಲ್ಲವನ್ನೂ ನೆಲದಿಂದ ಒಂದು ಗೇಣು ಮೇಲಕ್ಕೆತ್ತಿ ಹಿಡಿದಿತ್ತು. ಇವತ್ತೇ ಆಗಬೇಕಿತ್ತೇ ಎಂದುಕೊಂಡಳು. ಹೋಗಬೇಕಾದದ್ದು ಸವಣೂರಿನ ಉಸ್ಮಾನಸಾಬರ ಎಲೆತೋಟಕ್ಕೆ. ವೀಳ್ಯದೆಲೆಯ ತೋಟಕ್ಕೆ ಚಪ್ಪಲಿ ಮೆಟ್ಟಿ ಯಾರೂ ಹೋಗುವುದಿಲ್ಲ, ಮುಟ್ಟಾದ ಹೆಂಗಸಂತೂ ಬೇಲಿಯನ್ನೇ ದಾಟುವಂತಿಲ್ಲ. ದಾಟಿದರೆ ಬಳ್ಳಿ ಬಾಡುತ್ತದೆ ಎಂದು ಅಲ್ಲಿಯವರ ನಂಬಿಕೆ. ಅಂಥ ತೋಟದ ಎಲೆಯಲ್ಲಿ ಮುಟ್ಟಿನ ಬೇನೆಗೆ ಔಷಧ ಹುಡುಕುವವಳು ಮುಟ್ಟಾಗಿಯೇ ಹೊರಟಿದ್ದಳು. ಇದನ್ನು ಯಾರಿಗಾದರೂ ಹೇಳದಿದ್ದರೆ ಜೀವ ಹೋಗುತ್ತದೆ ಎನಿಸಿ ಪಕ್ಕದಲ್ಲಿ ನಿಂತಿದ್ದ ಮುದುಕಿಯ ಮುಖ ನೋಡಿದಳು. ಮುದುಕಿ ತಾನೂ ನಕ್ಕು, ಹುಲಗೂರು ಬಸ್ಸು ಇದೇ ಏನು ಎಂದು ಕೇಳಿದಳು.

ಅದೇ ಬಸ್ಸಾಗಿತ್ತು, ಹುಲಗೂರಿನ ಮೇಲೆ ಸುತ್ತು ಹಾಕಿ ಸವಣೂರಿಗೆ ಹೋಗುವುದು. ಗುರುವಾರವಾದ್ದರಿಂದ ದರ್ಗಾಕ್ಕೆ ಹೊರಟ ಹೆಂಗಸರು, ಅವರ ತೊಡೆಯ ಮೇಲೆ ಮಕ್ಕಳು, ಮಕ್ಕಳ ಕೈಯಲ್ಲಿ ಚುರುಮುರಿಯ ಪೊಟ್ಟಣ, ಕಾಲೂರಲು ಜಾಗವಿರಲಿಲ್ಲ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ಎಂದು ಅಚ್ಚಾದ ಚೀಟಿ ಹರಿದುಕೊಟ್ಟ. ಹೆಂಗಸರಿಗೆಲ್ಲ ಅದೇ ಚೀಟಿ, ಆದರೂ ನೀಲಾಳಿಗೆ ಅದು ತನಗೆಂದೇ ಮಾಡಿಸಿದ್ದು ಎನಿಸಿತು, ಯಾಕೆಂದರೆ ಹೋದ ವಾರ ಲ್ಯಾಬಿನಲ್ಲಿ ಬಂದ ಉತ್ತರವೂ ಸೊನ್ನೆಯೇ. ಈ ಸಲ ಪಾರ್ಸಲ್ಲಿನಲ್ಲಿ ತರಿಸಿದ್ದರೂ ಎಲೆ ಸವಣೂರಿನದೇ, ತೋಟ ಅದೇ, ಸಾಲು ಅದೇ, ರಸ ತೆಗೆದ ಕೈಯೂ ಅದೇ, ಮೊದಲ ಸಲ ಆದದ್ದು ಎರಡನೆಯ ಸಲ ಆಗಲಿಲ್ಲ. ಗೈಡ್ ಕೊಟ್ರೇಶ ಸರ್ ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಬಹಳ ಮೃದುವಾಗಿ ಮಾತಾಡಿದರು. ಒಂದು ಸಲ ಆದದ್ದನ್ನು ಆಯಿತು ಅನ್ನುವುದಿಲ್ಲ, ಕೈತಪ್ಪು ಅನ್ನುತ್ತಾರೆ. ಮೊದಲು ಎಲ್ಲಿ ಕಿತ್ತಿದ್ದಿಯೋ ಅದೇ ಬಳ್ಳಿಯಿಂದ ಇನ್ನೊಮ್ಮೆ ತಾ. ಸೋಮವಾರ ಹಚ್ಚೋಣ. ಅದರಲ್ಲೂ ಆಗಲಿಲ್ಲವೆಂದರೆ ಎಲೆಯ ಮಾತು ಬಿಟ್ಟು ಅರಿಶಿನಕ್ಕೆ ಹೋಗು, ಅರಿಶಿನದ ಮೇಲೆ ಏನು ಬರೆದರೂ ನಡೆಯುತ್ತದೆ. ನೀಲಾ ಹೂಂ ಸರ್ ಎಂದು ಹೊರಗೆ ಬಂದು ಮೆಟ್ಟಿಲುಗಳ ಕೆಳಗೆ ನಿಂತು ಅತ್ತಿದ್ದಳು, ಅರಿಶಿನದ ಮೇಲೆ ಯಾಕೋ ವಿಪರೀತ ಸಿಟ್ಟು ಬಂದಿತ್ತು.

ಮುದುಕಿ ಕಿಟಕಿಯ ಕಡೆ ಸರಿದು, ಕುಂಡ್ರವಾ, ಮಾರಿ ಬಾಡೇತಿ ಎಂದು ಸೆರಗು ಹಿಡಿದೆಳೆದಂತೆ ದುಪ್ಪಟ್ಟಾ ಹಿಡಿದೆಳೆದಳು. ಕುಳಿತರೆ ಎಲ್ಲಿ ಕಲೆಯಾಗುವುದೋ ಎಂದು ನೀಲಾ ಸೀಟಿನ ತುದಿಗೇ ಕುಳಿತಳು. ತುದಿಗೆ ಕೂಡುವುದು ಅವಳಿಗೆ ಶಾಲೆಯಿಂದ ರೂಢಿ. ತಿಳವಳ್ಳಿಯ ಶಾಲೆಯಲ್ಲಿ ಡ್ರಿಲ್ಲಿನ ಹೊತ್ತಿಗೆ ಹೊಟ್ಟೆ ಹಿಡಿದು ಬಿದ್ದಾಗ ಪಿ.ಟಿ. ಮಾಸ್ತರರು ನಾಟಕದ ಪಾರ್ಟು ಭೇಷ್ ಮಾಡತಾಳ ಎಂದಿದ್ದರು, ಅಲ್ಲಿಂದ ಮುಂದೆ ಕ್ಲಾಸೆಲ್ಲ ಅವಳನ್ನು ನಾಟಕದಾಕಿ ಎಂದೇ ಕರೆಯಿತು. ಮನೆಗೆ ಬಂದರೆ ಅವ್ವ ಅನ್ನವ್ವ ವೀಳ್ಯದೆಲೆಗೆ ಔಡಲೆಣ್ಣೆ ಸವರಿ ಕೆಂಡದ ಮೇಲೆ ಹಿಡಿದು, ಮೆತ್ತಗಾದ ಎಲೆಯನ್ನು ಹೊಟ್ಟೆಗೆ ಅಂಟಿಸುತ್ತಿದ್ದಳು. ಎಲೆ ಬಿಸಿಯಾಗಿದ್ದಷ್ಟು ಹೊತ್ತು ನೋವು ದೂರ ನಿಲ್ಲುತ್ತಿತ್ತು, ಆರಿದೊಡನೆ ಬಂದು ಹಳೆಯ ಜಾಗಕ್ಕೇ ಕೂಡುತ್ತಿತ್ತು. ಹಾನಗಲ್ಲಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರರು ಅವಳ ಮುಖ ನೋಡದೆ ಗೋಡೆಯ ಕ್ಯಾಲೆಂಡರು ನೋಡುತ್ತ, ಲಗ್ನ ಮಾಡ್ರಿ, ಒಂದು ಕೂಸಾದರೆ ಎಲ್ಲಾ ಸರಿ ಹೋಗುತ್ತದೆ ಎಂದರು. ಲಗ್ನ ಮಾಡಲು ಹಿರೇಕೆರೂರಿನಿಂದ ನೋಡಲು ಬಂದವರು ಅವಳ ಬಣ್ಣ, ನಡಿಗೆ, ಓದು ಎಲ್ಲ ಒಪ್ಪಿ, ಕೊನೆಗೆ ಹುಡುಗನ ಅತ್ತೆಯೊಬ್ಬಳು ಅಡುಗೆಮನೆಗೆ ಬಂದು, ತಿಂಗಳಾ ಸರಿಯಾಗಿ ಆಗತಾಳಲ್ಲ ಎಂದು ಅವ್ವನ ಕಿವಿಯಲ್ಲಿ ಕೇಳಿದಳು. ಅವ್ವ ದೇವರ ಆಣೆ ಮಾಡಿದಳು. ಆಣೆ ಮಾಡಿದ ರೀತಿಯಲ್ಲೇ ಏನೋ ತಿಳಿಯಿತೆಂದು ಕಾಣುತ್ತದೆ, ಅವರಿಂದ ಮತ್ತೆ ಸುದ್ದಿ ಬರಲಿಲ್ಲ. ಅಪ್ಪ ಗುದ್ಲೆಪ್ಪ ಅವತ್ತು ಉಳಿದ ಉಪ್ಪಿಟ್ಟನ್ನೆಲ್ಲ ತಾನೊಬ್ಬನೇ ತಿಂದು ಮುಗಿಸಿ, ಉಪ್ಪು ಕಡಿಮಿ ಇತ್ತು, ಅದಕ್ಕ ಹೋದ್ರು ಎಂದು ಮಗಳ ತಲೆಯ ಮೇಲೆ ಕೈಯಿಟ್ಟಿದ್ದ.

ಆಮೇಲೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು, ಬೇನೆಗೆ ಒಂದು ಹೆಸರಿದೆ ಎಂದು ಗೊತ್ತಾಯಿತು. ಎಂಡೋಮೆಟ್ರಿಯೋಸಿಸ್. ಅಂದು ನೀಲಾ ಹಾಸಿಗೆಯಲ್ಲಿ ಹೊಲಿಗೆ ಬಿಚ್ಚುವಷ್ಟು ನಕ್ಕಿದ್ದಳು. ನಾಟಕವಲ್ಲ, ನಾಟಕಕ್ಕೆ ಇಷ್ಟುದ್ದದ ಹೆಸರಿರುವುದಿಲ್ಲ. ಗರ್ಭಚೀಲದ ಒಳಗೆ ಇರಬೇಕಾದಂಥ ಪದರು ಅಂಡಾಶಯದ ಮೇಲೆ, ಕರುಳಿನ ಮೇಲೆ, ಎಲ್ಲೆಲ್ಲೋ ಹೋಗಿ ಬೆಳೆಯುತ್ತದೆ, ತಿಂಗಳು ತಿಂಗಳು ಅದೂ ಅಲ್ಲೇ ರಕ್ತ ಸುರಿಸುತ್ತದೆ ಎಂದು ಅವ್ವನಿಗೆ ಬಿಡಿಸಿ ಹೇಳಿದಾಗ ಅವ್ವ, ಇರೂ ಜಾಗಾ ಬಿಟ್ಟು ಬ್ಯಾರೆ ಕಡೆ ಬೆಳದದ್ದು ಕಸ, ಕಿತ್ತು ಒಗದ್ರಾತು ಎಂದಳು. ಕಿತ್ತರೂ ಮತ್ತೆ ಬರಬಹುದು ಎಂದದ್ದಕ್ಕೆ, ಹಂಗಾರ ಕಸಾನ, ಅನುಮಾನ ಬ್ಯಾಡ ಎಂದು ತೀರ್ಮಾನ ಕೊಟ್ಟಳು. ಆಪರೇಶನ್ನಿನಲ್ಲಿ ತೆಗೆದ ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದ್ದರು, ಕೊಟ್ಟಿದ್ದಳು. ಶಿಗ್ಗಾಂವಿ ಹೊರಗಿನ ಈ ಫಾರ್ಮಸಿ ಕಾಲೇಜಿನ ಲ್ಯಾಬಿಗೆ ಆ ಆಸ್ಪತ್ರೆಯಿಂದಲೇ ಚೂರುಗಳು ಬರುತ್ತಿದ್ದವು, ಹೆಸರಿಲ್ಲ, ಬರೇ ನಂಬರು. ತೆಳ್ಳನೆಯ ಗಾಜಿನ ತಟ್ಟೆಗಳಲ್ಲಿ ಬೆಚ್ಚಗಿನ ಪೆಟ್ಟಿಗೆಯೊಳಗೆ ಯಾರದೋ ಹೊಟ್ಟೆಯ ಕಸ ಕಣಕಣವಾಗಿ ಬೆಳೆಯುತ್ತಿತ್ತು. ಅದರಲ್ಲಿ ಒಂದು ತನ್ನದಿರಬೇಕೆಂದು ನೀಲಾ ಯಾರಿಗೂ ಹೇಳದೆ ನಂಬಿದ್ದಳು. ಎಲ್ಲಕ್ಕಿಂತ ಹಟಮಾರಿಯಾಗಿ ಬೆಳೆಯುವ ಮೂರನೆಯ ನಂಬರು ತಾನೇ ಎಂದು ನಿಕ್ಕಿ ಮಾಡಿಕೊಂಡು, ಅದಕ್ಕೆ ಬೆಳಿಗ್ಗೆ ಹೋದೊಡನೆ, ಏನವಾ ನಾಟಕದಾಕಿ, ಆರಾಮ ಏನು ಎಂದು ವಿಚಾರಿಸುತ್ತಿದ್ದಳು.

ಆ ತಟ್ಟೆಗಳಿಗೆ ಗಿಡಮೂಲಿಕೆಯ ರಸ ಹಾಕಿ ನೋಡುವುದು ಅವಳ ಕೆಲಸ. ಅಶೋಕದ ತೊಗಟೆ, ಶತಾವರಿ, ನುಗ್ಗೆ, ಲೋಧ್ರ, ಏನೇನೋ ಒಣಗಿಸಿ, ಕುಟ್ಟಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಆವಿ ಮಾಡಿ, ತಳದಲ್ಲಿ ಉಳಿದ ಅಂಟನ್ನು ಹನಿ ಹನಿಯಾಗಿ ಹಾಕಿದ್ದಳು. ಕೆಲವು ಏನೂ ಮಾಡಲಿಲ್ಲ. ಕೆಲವು ಬೇನೆಯ ಕಣದ ಜೊತೆಗೆ ಪಕ್ಕದ ತಟ್ಟೆಯ ಒಳ್ಳೆಯ ಕಣವನ್ನೂ ಕೊಂದವು. ವೀಳ್ಯದೆಲೆಯನ್ನು ಪಟ್ಟಿಗೆ ಸೇರಿಸಿದ್ದು ಅವಳ ಹಟಕ್ಕೆ. ಲ್ಯಾಬಿನವರು ಅವಳ ಟೇಬಲ್ಲಿಗೆ ಪಾನ್‌ಶಾಪ್ ಎಂದು ಹೆಸರಿಟ್ಟರು. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಮೂರನೆಯ ನಂಬರು ತಟ್ಟೆಯನ್ನು ಬಿಟ್ಟಿತ್ತು. ತಳಕ್ಕೆ ಬಿಗಿದು ಹಿಡಿದ ಕೈಕಾಲೆಲ್ಲ ಒಳಗೆಳೆದುಕೊಂಡು ಗುಂಡಗೆ ಮುದುಡಿ ತೇಲುತ್ತಿತ್ತು. ಪಕ್ಕದಲ್ಲಿ ಒಳ್ಳೆಯ ಕಣಗಳು ಮೊದಲಿನಂತೆ ಕಾಲು ಚಾಚಿ ಮಲಗಿದ್ದವು, ಅವಕ್ಕೆ ಏನೂ ಆಗಿರಲಿಲ್ಲ. ನೀಲಾ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟು ನೋಡಿದಳು. ಆಮೇಲೆ ಬಿಳಿ ಕೋಟಿನಲ್ಲೇ ವರಾಂಡದ ಉದ್ದಕ್ಕೂ ಓಡಿದಳು, ತಿರುಗಿ ಓಡಿ ಬಂದಳು, ಕಸ ಗುಡಿಸುವವಳು ಹಾವೇನಾದರೂ ಬಂತೇ ಎಂದು ಕೇಳಿದಳು. ಆ ಓಟ ಈಗಲೂ ಕಾಲಲ್ಲಿತ್ತು, ಬಸ್ಸು ಹುಲಗೂರಿನ ತಿರುವಿನಲ್ಲಿ ವಾಲಿದಾಗ ಅದೇ ಓಟ ಪಾದದಿಂದ ಎದ್ದು ಮೇಲೆ ಬಂದಿತು.

ಸರ್ ಅವತ್ತು ಕೇಳಿದ ಮೊದಲ ಪ್ರಶ್ನೆ, ಎಲೆ ನೀನೇ ಕಿತ್ತೆಯಾ. ಹೌದು ಸರ್, ಬಾವಿ ಸಾಲಿನಿಂದ ನಾನೇ ಕಿತ್ತೆ ಎಂದಿದ್ದಳು. ಬಾಟಲಿಯ ಮೇಲೂ ಹಾಗೆಯೇ ಬರೆದು ಅಂಟಿಸಿದ್ದಳು. ಆದರೆ ಅವಳು ತೋಟದ ಒಳಗೆ ಕಾಲೇ ಇಟ್ಟಿರಲಿಲ್ಲ. ಎಲೆ ತರಲು ಹೋದ ದಿನವೂ ಹೀಗೆಯೇ, ಹೊತ್ತಲ್ಲದ ಹೊತ್ತಿಗೆ ಮುಟ್ಟಾಗಿ, ಹೀಗೆಯೇ ಗುಳಿಗೆ ನುಂಗಿ ಹೋಗಿದ್ದಳು. ತೋಟದ ಬಾಗಿಲಲ್ಲಿ ಕಲ್ಲಿನ ಮೇಲೆ ಉಸ್ಮಾನಸಾಬರ ಸೊಸೆ ಗುಲ್ನಾಜ ಒಬ್ಬಳೇ ಕುಳಿತಿದ್ದಳು. ಮಾವ ಎಲೆಯ ಪೆಂಡಿ ತೆಗೆದುಕೊಂಡು ಪೇಟೆಗೆ ಹೋಗಿದ್ದರು, ಆಳುಗಳು ಬಂದಿರಲಿಲ್ಲ. ಗುಲ್ನಾಜ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಎಲ್ಲಾ ಆರಾಮ ಅದೀರಲ್ರಿ?" ಎಂದು ಕೇಳಿದಳು. ಆ ತೋಟಗಳ ಬಾಗಿಲಲ್ಲಿ ಹೆಂಗಸರನ್ನು ಹೀಗೆಯೇ ಕೇಳುವುದು, ಏನು ಕೇಳುತ್ತಿದ್ದಾರೆಂದು ತಿಳಿಯದ ಹೆಂಗಸು ಯಾರೂ ಇಲ್ಲ. ನೀಲಾ ಒಂದು ಚಣವೂ ತಡೆಯದೆ ಆರಾಮ ಅದೇನ್ರಿ ಎಂದಳು, ಎಂದ ಮರುಗಳಿಗೆಯೇ ನೋವು ಬಂದು ಅವಳನ್ನು ನಡುವಿನಲ್ಲಿ ಮಡಚಿ ಬೇಲಿಯ ಪಕ್ಕ ಕೂಡಿಸಿತು. ಇಷ್ಟು ಚೆಂದದ ಸುಳ್ಳು ಸುಮ್ಮನೆ ಹಾಳಾಯಿತು. ಗುಲ್ನಾಜ ಏನೂ ಅನ್ನದೆ, ನೀವು ಕುಂಡ್ರಿ, ಹುಳಾ ಹುಪ್ಪಡಿ ಇರತಾವ, ನಾ ತರತೇನಿ ಎಂದು ಮನೆಯ ಹಿಂದೆ ಮರೆಯಾಗಿ, ಉಡಿಯ ತುಂಬ ಎಲೆ ತಂದು ಸುರಿದಿದ್ದಳು. ಯಾವ ಸಾಲಿನದು ಎಂದು ಕೇಳಿದ್ದಕ್ಕೆ ಅತ್ತಿತ್ತ ನೋಡಿ, ಬಾವಿ ಸಾಲಿಂದು ಎಂದಿದ್ದಳು. ಅಷ್ಟೇ ನೀಲಾಳಿಗೆ ಗೊತ್ತಿದ್ದದ್ದು. ಅದರ ಮೇಲೆ ಅವಳ ಸಂಶೋಧನೆ, ಸೋಮವಾರ, ಹೊಟ್ಟೆ, ಎಲ್ಲ ನಿಂತಿದ್ದವು.

ಸವಣೂರಿನಲ್ಲಿ ಇಳಿದಾಗ ಖಾರದ ಅಂಗಡಿಗಳ ಬಾಣಲೆಯಿಂದ ಎಣ್ಣೆಯ ವಾಸನೆ ಏಳುತ್ತಿತ್ತು. ನೀಲಾ ಒಂದು ಪೊಟ್ಟಣ ಖಾರಾ ಕೊಂಡು, ಖಾಲಿ ಹೊಟ್ಟೆಗೆ ತಿನ್ನಬಾರದೆಂದು ತಿಳಿದೇ ತಿನ್ನುತ್ತ ನಡೆದಳು. ಮಸೀದಿಯ ಗೋಡೆ, ಮಠದ ಓಣಿ, ಕೆರೆಯ ಏರಿ, ಎಲ್ಲ ಹಗುರಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ನೋವು ಇತ್ತು, ಇಲ್ಲವೆಂದಲ್ಲ. ಆದರೆ ಅದು ಇವತ್ತು ಪಕ್ಕದ ಮನೆಯ ರೇಡಿಯೋ ಇದ್ದಂತೆ ಗೋಡೆಯ ಆಚೆ ಗುನುಗುತ್ತಿತ್ತು. ಏನು ಮಾಡುವುದೆಂದು ಬಸ್ಸಿನಲ್ಲಿ ಬಹಳ ಲೆಕ್ಕ ಹಾಕಿದ್ದಳು. ಮತ್ತೆ ಆರಾಮ ಎಂದು ಹೇಳಿ ಒಳಗೆ ನುಗ್ಗಿ ಬಾವಿ ಸಾಲನ್ನು ತಾನೇ ನೋಡಿಬಿಡಬಹುದು. ಬಳ್ಳಿಗೆ ಮೂಗಿಲ್ಲ, ಕಣ್ಣಿಲ್ಲ, ಅವಳ ಓದಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಆದರೆ ನಾಳೆ ಆ ಮುದುಕನ ತೋಟಕ್ಕೆ ಯಾವ ರೋಗವೇ ಬರಲಿ, ಅದು ತನ್ನಿಂದ ಬಂದದ್ದಲ್ಲ ಎಂದು ತನಗೇ ತಾನು ಎಷ್ಟು ಸಲ ಹೇಳಿಕೊಳ್ಳಬೇಕಾದೀತು. ಓದಿದ್ದೆಲ್ಲ ತಲೆಯಲ್ಲಿತ್ತು, ಹೆದರಿಕೆ ಮಾತ್ರ ಕಾಲಲ್ಲಿತ್ತು. ತೋಟದ ಹಸಿರು ಗೋಡೆ ಕಾಣಿಸುವ ಹೊತ್ತಿಗೆ ಅವಳಿಗೆ ಒಂದು ಯೋಚನೆ ಬಂತು, ನಿಜ ಹೇಳಿಬಿಡುವುದು. ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಯಾಕೆ ಹೊಳೆದಿರಲಿಲ್ಲ ಎಂದು ಖಾರಾ ನೆತ್ತಿಗೇರುವಷ್ಟು ನಗು ಬಂತು.

ಬಾಗಿಲಲ್ಲಿ ಇವತ್ತು ಉಸ್ಮಾನಸಾಬರೇ ಇದ್ದರು. ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ, ಬೇಲಿಯ ಹೊರಗೆ ಸಾಲಾಗಿ ಬಿಟ್ಟ ಆಳುಗಳ ಚಪ್ಪಲಿಗಳ ಪಕ್ಕದಲ್ಲಿ ಅವರದೂ ಒಂದು ಜೊತೆ. ಅವಳನ್ನು ಕಂಡು ಅವರ ಮುಖ ಅರಳಿತು. ಅವರ ತೋಟದ ಎಲೆಯಿಂದ ಹೆಣ್ಣುಮಕ್ಕಳ ಬೇನೆಗೆ ಔಷಧ ಆಗುತ್ತದೆಂದು ಅವರು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಆಗುತ್ತದೆ ಎಂದು ಯಾರೂ ಹೇಳಿಲ್ಲ, ಬರೇ ಗಾಜಿನ ತಟ್ಟೆಯಲ್ಲಿ ನೋಡುತ್ತಿದ್ದೇವೆ ಎಂದು ನೀಲಾ ಫೋನಿನಲ್ಲಿ ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಿರಲಿಲ್ಲ. ಪಾರ್ಸಲ್ ಮುಟ್ಟಿತಲ್ಲ, ಒಂದೂ ಎಲೆ ಮುರಿದಿರಲಿಲ್ಲವಲ್ಲ ಎಂದು ಕೇಳಿದರು. ಬಾವಿ ಸಾಲಿಗೆ ಈ ಸಲ ಹುಳದ ಎಣ್ಣೆ ಹೊಡೆಸಿಲ್ಲ, ನಿಮಗೆಂದೇ ಬಿಟ್ಟಿದ್ದೇನೆ, ಒಂದಿಷ್ಟು ಹುಳ ತಿಂದಿವೆ, ತಿನ್ನಲಿ ಎಂದರು. ಇಷ್ಟೆಲ್ಲ ಆದ ಮೇಲೆ ಒಳಗೆ ಬಿಡುವ ಮುಂಚಿನ ಮಾತು ಬಂತು. ಅದನ್ನು ಕೇಳುವುದು ಹೆಂಗಸರ ಕೆಲಸ, ಮುದುಕನಿಗೆ ಬಾಯಿ ಬರಲಿಲ್ಲ. ಎರಡು ಸಲ ಕೆಮ್ಮಿ, ಬಳ್ಳಿಗೆ ಆಸರೆ ನಿಲ್ಲಿಸಿದ ಅಗಸೆಯ ಗಿಡದ ತುದಿಯನ್ನು ಬಹಳ ಹೊತ್ತು ನೋಡಿ, ಆ ಗಿಡವನ್ನೇ ಕೇಳುವವರಂತೆ, "ಎಲ್ಲಾ ಆರಾಮ ಅದೀರಲ್ರಿ?" ಎಂದರು.

"ಇಲ್ರಿ ಅಜ್ಜಾರ," ನೀಲಾ ಹೇಳಿದಳು. "ಇವತ್ತ ನಾ ಹೊರಗ ಅದೇನಿ. ಬೇಲಿ ದಾಟಂಗಿಲ್ಲ."

ಬಾಯಿಂದ ಹೊರಗೆ ಬಿದ್ದ ಆ ಮಾತು ಎಷ್ಟು ಸಣ್ಣದಾಗಿತ್ತೆಂದರೆ ಅವಳಿಗೆ ಮೋಸ ಹೋದಂತೆ ಆಯಿತು. ಇದಕ್ಕಾಗಿ ಅವ್ವ ದೇವರ ಆಣೆ ಮಾಡಿದ್ದಳೇ. ಉಸ್ಮಾನಸಾಬರು ಗಿಡದಿಂದ ಕಣ್ಣು ಕಿತ್ತು ಅವಳನ್ನು ನೋಡಿ, ಮತ್ತೆ ಗಿಡವನ್ನು ನೋಡಿ, ಛಲೋ ಆತು ಬೇಟಿ ಹೇಳಿದ್ದು, ಬಳ್ಳಿ ಭಾಳ ಸೂಕ್ಷ್ಮ, ಅದು ಹಿಂದೂ ಮುಸಲ್ಮಾನ ನೋಡಂಗಿಲ್ಲ, ಇದೊಂದನ್ನ ನೋಡತೈತಿ ಎಂದು, ತಪ್ಪು ತಮ್ಮದೇ ಎಂಬಂತೆ ಸಮಜಾಯಿಷಿ ಕೊಟ್ಟರು. ಆಮೇಲೆ ಒಳಗಿನಿಂದ ಸೊಸೆಯನ್ನು ಕೂಗಿ ಕರೆದು, ಮೇಡಮ್ಮರಿಗೆ ಮೊದಲ ಸಲ ಕೊಟ್ಟ ಬಳ್ಳಿಯಿಂದಲೇ ಕಿತ್ತುಕೊಡು, ಅದೇ ಸಾಲು, ಅದೇ ಬಳ್ಳಿ ಎಂದು ಒತ್ತಿ ಹೇಳಿ, ಚಪ್ಪಲಿ ಮೆಟ್ಟಿ ಮಧ್ಯಾಹ್ನದ ನಮಾಜಿಗೆ ಹೋದರು.

ಗುಲ್ನಾಜ ಬರಿಗಾಲಲ್ಲಿ ಬಂದು ಬೇಲಿಯ ಒಳಗೇ ನಿಂತಳು. ಎಲೆ ಕೀಳುವ ತಗಡಿನ ಉಗುರು ಹೆಬ್ಬೆರಳಿಗಿತ್ತು. ಅದೇ ಬಳ್ಳಿ ಬೇಕು, ಬೇರೆಯದಾದರೆ ನಡೆಯುವುದಿಲ್ಲ, ಪಾರ್ಸಲ್ಲಿನ ಎಲೆಯಲ್ಲಿ ಏನೂ ಆಗಲಿಲ್ಲ, ಸೋಮವಾರ ಕೊನೆ ಎಂದು ನೀಲಾ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿದವಳು ಅಲ್ಲಿಗೇ ನಿಲ್ಲದೆ, ಅವತ್ತು ತಾನು ಆರಾಮ ಎಂದದ್ದು ಸುಳ್ಳು, ಅವತ್ತೂ ಹೊರಗಾಗಿದ್ದೆ ಎಂದೂ ಹೇಳಿಬಿಟ್ಟಳು. ಒಮ್ಮೆ ನಿಜ ಹೇಳಿದ ಬಾಯಿಗೆ ಅದು ರುಚಿ ಹತ್ತಿತ್ತು. ಗುಲ್ನಾಜ ತಗಡಿನ ಉಗುರನ್ನು ತಿರುಗಿಸುತ್ತ ಮಸೀದಿಯ ಕಡೆ ಹೋದ ದಾರಿಯನ್ನು ನೋಡಿದಳು, ಆಮೇಲೆ ಅವಳ ಮೂಗು ಅರಳಿತು, ಭುಜ ಅಲುಗಿತು. ನಗುತ್ತಿದ್ದಾಳೆಂದು ನೀಲಾಳಿಗೆ ತಡವಾಗಿ ತಿಳಿಯಿತು.

"ನಾನೂ ಹೊರಗ ಇದ್ನಲ್ರಿ," ಗುಲ್ನಾಜ ಹೇಳಿದಳು. "ಹೊರಗಾದೋರನ್ನ ಬಾಗಿಲಾ ಕಾಯಾಕ ಕುಂಡ್ರಸ್ತಾರ. ಒಳಗಿನ ಕೆಲಸಕ್ಕ ಬರಂಗಿಲ್ಲಲ್ಲ."

 ಹಾಗಾದರೆ ಅವತ್ತು ಬೇಲಿಯ ಹೊರಗೆ ಕುಳಿತ ಒಬ್ಬ ಮುಟ್ಟಾದ ಹೆಂಗಸು, ಬಂದ ಇನ್ನೊಬ್ಬ ಮುಟ್ಟಾದ ಹೆಂಗಸನ್ನು, ನೀನು ಮುಟ್ಟಾಗಿಲ್ಲವಲ್ಲ ಎಂದು ವಿಚಾರಣೆ ಮಾಡಿದ್ದಳು. ಬಂದವಳು ಇಲ್ಲವೆಂದು ಸುಳ್ಳು ಹೇಳಿದ್ದಳು, ಕುಳಿತವಳು ನಂಬಿದಂತೆ ನಟಿಸಿದ್ದಳು. ಪಟ್ಟಣದ ಮೇಡಮ್ಮನ ಮುಂದೆ ನಾನೇ ಹೊರಗಿದ್ದೇನೆ ಎನ್ನಲು ನಾಚಿಕೆಯಾಯಿತು, ಬರಿಗೈಲಿ ಕಳಿಸಲು ಮನಸ್ಸಾಗಲಿಲ್ಲ, ಒಳಗಂತೂ ಕಾಲಿಡುವಂತಿರಲಿಲ್ಲ ಎಂದು ಗುಲ್ನಾಜ ನಗುವಿನ ನಡುವೆ ಹೇಳಿದಳು. ಹಾಗಾದರೆ ಎಲೆ ಎಲ್ಲಿಯದು ಎಂದು ನೀಲಾ ಕೇಳಿದಳು. ಮಾರುಕಟ್ಟೆಯದಿರಬಹುದು, ಮನೆಯಲ್ಲಿ ತಿನ್ನಲು ಇಟ್ಟದ್ದಿರಬಹುದು, ಯಾರದೋ ತೋಟದ ಉಳಿದ ಎಲೆ ಇರಬಹುದು. ಹಾಗಿದ್ದರೆ ಎಲ್ಲ ಮುಗಿಯಿತು, ಸೋಮವಾರದಿಂದ ಅರಿಶಿನ. ಗುಲ್ನಾಜ ಬೇಲಿಯಿಂದ ಹೊರಗೆ ಬಂದು ಚಪ್ಪಲಿ ಮೆಟ್ಟಿ, ಬರ್ರಿ ಎಂದು ಮನೆಯ ಹಿಂದಕ್ಕೆ ಕರೆದೊಯ್ದಳು.

ಅಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು, ಸಾಬೂನಿನ ನೀರು ಹರಿದುಹೋಗುವ ಕಾಲುವೆ, ಹಗ್ಗ ಜಗ್ಗಿದ ಒಂದು ಹೊರಸು, ಒಂದು ನುಗ್ಗೆಯ ಗಿಡ. ನುಗ್ಗೆಯ ಗಿಡಕ್ಕೆ ನೆಲದಿಂದ ಕವಲಿನವರೆಗೆ ವೀಳ್ಯದೆಲೆಯ ಬಳ್ಳಿ ಸುತ್ತಿಕೊಂಡಿತ್ತು. ಯಾರೂ ಕಟ್ಟಿಲ್ಲ, ಯಾರೂ ಸವರಿಲ್ಲ, ಮನಸ್ಸಿಗೆ ಬಂದ ಕಡೆ ಹೋಗಿತ್ತು. ಎಲೆ ಸಣ್ಣವು, ದಪ್ಪ, ಕಪ್ಪುಹಸಿರು. ತಿಂಗಳ ಆ ದಿನಗಳಲ್ಲಿ ಮನೆಯ ಹೆಂಗಸರು ಈ ಹೊರಸಿನ ಮೇಲೆ ಕೂಡುತ್ತಿದ್ದರಂತೆ. ಅತ್ತೆ ಇದ್ದಾಗ ಅತ್ತೆ, ಈಗ ಗುಲ್ನಾಜ. ತೋಟದಲ್ಲಿ ಒಣಗಿತೆಂದು ಕಿತ್ತೆಸೆದ ತುಂಡೊಂದನ್ನು ಅತ್ತೆ ತಂದು ಇಲ್ಲಿ ಊರಿದ್ದು. ಇದರ ಎಲೆಯನ್ನು ಪೇಟೆಗೆ ಒಯ್ಯುವುದಿಲ್ಲ, ಮನೆಯ ತಟ್ಟೆಗೆ ಇಡುವುದಿಲ್ಲ, ಗಂಡಸರು ಈ ಕಡೆ ಬರುವುದೇ ಇಲ್ಲ. ಹೊರಗೆ ಕುಳಿತವರು ಬೇಸರಕ್ಕೆ ಕಿತ್ತು, ಅಡಿಕೆ ಸುಣ್ಣ ಸೇರಿಸಿ ಅಗಿಯುತ್ತಾರೆ. ನೀಲಾ ಉಸಿರು ಹಿಡಿದು, ಅಗಿದರೆ ಹೊಟ್ಟೆನೋವು ಕಡಿಮೆಯಾಗುತ್ತದೆಯೇ ಎಂದು ಕೇಳಿದಳು. ಗುಲ್ನಾಜ ಸ್ವಲ್ಪ ಯೋಚಿಸಿ, "ಬಾಯಿ ಕೆಂಪಗ ಆಗತೈತ್ರಿ," ಎಂದಳು.

ಇದಕ್ಕೆ ಇಬ್ಬರೂ ನಕ್ಕ ನಗುವಿಗೆ ನುಗ್ಗೆಯ ಗಿಡದಲ್ಲಿದ್ದ ಕಾಗೆ ಎದ್ದು ಹೋಯಿತು. ನೀಲಾ ಹೊಟ್ಟೆ ಹಿಡಿದುಕೊಂಡು ಒಗೆಯುವ ಕಲ್ಲಿನ ಮೇಲೆ ಕುಳಿತಳು, ನೋವಿಗೋ ನಗುವಿಗೋ ಅವಳಿಗೇ ತಿಳಿಯಲಿಲ್ಲ. ಅತ್ತೆಯ ಬಳ್ಳಿ ಬೇರೆ ಜಾತಿಯದೋ, ನೆರಳಿನ ಗುಣವೋ, ಎಣ್ಣೆ ಹೊಡೆಯದೆ ಬೆಳೆದದ್ದಕ್ಕೋ, ಸಾಬೂನಿನ ನೀರಿಗೋ, ಅಥವಾ ಸರ್ ಹೇಳುವಂತೆ ಬರೇ ಕೈತಪ್ಪೋ. ಸೋಮವಾರ ಗಾಜಿನ ತಟ್ಟೆಯಲ್ಲಿ ಮತ್ತೆ ಏನೂ ಆಗದೆಯೂ ಇರಬಹುದು. ಆದರೂ ಬಳ್ಳಿ ಸಿಕ್ಕಿತ್ತು, ಕಣ್ಣ ಮುಂದೆ ಇತ್ತು, ಅದರ ಬುಡ ಎಲ್ಲಿದೆ ತುದಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಅವಳು ಚೀಲ ಬಿಚ್ಚಿ, ಕಿತ್ತುಕೊಡಿ ಎಂದಳು. ಗುಲ್ನಾಜ ಕೈ ಹಿಂದಕ್ಕೆ ತೆಗೆದುಕೊಂಡಳು. ಇವತ್ತು ತಾನು ಚೊಕ್ಕಟ ಇದ್ದೇನೆ, ಮತ್ತೆ ತೋಟಕ್ಕೆ ಹೋಗಬೇಕು, ಇದನ್ನು ಮುಟ್ಟಿ ಅದನ್ನು ಮುಟ್ಟುವ ಹಾಗಿಲ್ಲ. ಇವತ್ತು ಇದು ನಿಮ್ಮದು ಎಂದು ಹೆಬ್ಬೆರಳಿನ ತಗಡಿನ ಉಗುರು ಬಿಚ್ಚಿ, ತಾಕದಂತೆ ಮೇಲಿನಿಂದ ನೀಲಾಳ ಅಂಗೈಗೆ ಹಾಕಿದಳು. ನೀಲಾ ಚಪ್ಪಲಿ ಬಿಟ್ಟಳು, ಯಾಕೆ ಬಿಟ್ಟಳೋ, ಇಲ್ಲಿ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ತೊಟ್ಟಿಗೆ ಉಗುರು ಒತ್ತಿದಾಗ ಎಲೆ ಟಿಕ್ ಎಂದು ಕೈಗೆ ಬಂತು. ಈ ಸಲ ಸರ್ ಕೇಳಿದರೆ ನಾನೇ ಕಿತ್ತೆ ಎನ್ನಬಹುದು ಎಂದುಕೊಂಡಳು. ಎಲ್ಲಿ ಎಂದು ಕೇಳಿದರೆ ಇದನ್ನೆಲ್ಲ ಹೇಳಬೇಕು, ಬರೆಯಬೇಕು, ಒಗೆಯುವ ಕಲ್ಲು, ಹೊರಸು, ಕುಳಿತವರು.

ಅಷ್ಟರಲ್ಲಿ ಗೋಡೆಯ ಮೂಲೆಯಲ್ಲಿ ಕೆಮ್ಮು ಕೇಳಿಸಿತು. ಉಸ್ಮಾನಸಾಬರು ನಮಾಜು ಮುಗಿಸಿ ಬಂದವರು, ಬಾಗಿಲಲ್ಲಿ ಯಾರೂ ಕಾಣದೆ, ನಗುವಿನ ಜಾಡು ಹಿಡಿದು ಮೂಲೆಯವರೆಗೆ ಬಂದು, ಅಲ್ಲಿಂದ ಮುಂದೆ ಬಾರದೆ ನಿಂತಿದ್ದರು. ಸಿಕ್ಕಿತೇನವಾ ಬಾವಿ ಸಾಲಿನದು ಎಂದು ಅಲ್ಲಿಂದಲೇ ಕೇಳಿದರು. ನೀಲಾಳ ಕೈ ಬಳ್ಳಿಯ ಮೇಲೆ ನಿಂತಿತು. ಹೂಂ ಸಿಕ್ಕಿತು ಎನ್ನುವುದು ಬಹಳ ಸುಲಭವಿತ್ತು. ಹುಳಕ್ಕೆ ಬಿಟ್ಟ ಒಂದು ಇಡೀ ಸಾಲಿನ ಮುಂದೆ, ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ ಆ ಮುಖದ ಮುಂದೆ, ಬೇರೆ ಏನು ಹೇಳಲೂ ಬಾಯಿ ಬರುವಂತಿರಲಿಲ್ಲ. ತಾನು ಹೇಳಿದರೆ ಸಿಕ್ಕಿಬೀಳುವುದು ಗುಲ್ನಾಜ, ನಾಳೆಯಿಂದ ಈ ಮನೆಯಲ್ಲಿ ಇರಬೇಕಾದವಳೂ ಗುಲ್ನಾಜ. ಅವಳು ಗುಲ್ನಾಜಳನ್ನು ನೋಡಿದಳು. ಗುಲ್ನಾಜಳ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ.

"ಅದು ಬಾವಿ ಸಾಲಿಂದಲ್ಲ ಅಬ್ಬಾ," ಗುಲ್ನಾಜ ಹೇಳಿದಳು. "ಈ ಬಳ್ಳೀದು. ನಮ್ಮದು."

ಹೇಳಿ, ಉಳಿದದ್ದನ್ನೂ ತಲೆ ತಗ್ಗಿಸಿ ನಾಲ್ಕು ಮಾತಿನಲ್ಲಿ ಹೇಳಿದಳು, ಅವತ್ತು ತಾನು ಯಾಕೆ ಬಾಗಿಲಲ್ಲಿದ್ದೆ, ಎಲೆ ಯಾಕೆ ಇಲ್ಲಿಂದ ತಂದೆ. ಉಸ್ಮಾನಸಾಬರು ಸೊಸೆಯ ತಲೆಯ ಮೇಲಿನಿಂದ ನುಗ್ಗೆಯ ಗಿಡವನ್ನು ನೋಡುತ್ತಿದ್ದರು, ಬುಡದಿಂದ ಕವಲಿನವರೆಗೆ, ಕವಲಿನಿಂದ ಬುಡದವರೆಗೆ. ಇಷ್ಟು ವರ್ಷ ತಮ್ಮದೇ ಮನೆಯ ಗೋಡೆಯ ಆಚೆ ಇದ್ದ ಗಿಡವನ್ನು ಅವರು ಈಗ ಮೊದಲ ಸಲ ನೋಡುತ್ತಿದ್ದರೆಂದು ನೀಲಾಳಿಗೆ ಅರ್ಥವಾಯಿತು. ಬಾವಿಯ ಕಡೆ ಯಾರೋ ಪಂಪು ಶುರು ಮಾಡಿದರು.

"ಇದು ಸತ್ತಿತ್ತಲ್ಲ," ಅವರು ಕೊನೆಗೆ ಎಲೆ ಗುರುತಿಸಿ ಹೇಳಿದರು. "ನಾನ ಕಿತ್ತು ಒಗದಿದ್ದೆ."

ಅಮ್ಮಿ ಎತ್ತಿ ತಂದು ಹಚ್ಚಿದರು ಎಂದು ಗುಲ್ನಾಜ ಹೇಳಿದಳು. ಅಮ್ಮಿ ಎಂದರೆ ತೀರಿಹೋದ ಅವರ ಹೆಂಡತಿ. ಉಸ್ಮಾನಸಾಬರು ಆಮೇಲೆ ಗೋಡೆಗೆ ಒಂದು ಕೈಯೂರಿ, ಬಗ್ಗಿ, ಮೊದಲು ಎಡಗಾಲಿನದು ಆಮೇಲೆ ಬಲಗಾಲಿನದು, ಚಪ್ಪಲಿ ಬಿಚ್ಚಿ ಮೂಲೆಯಲ್ಲಿ ಜೋಡಿಸಿಟ್ಟರು. ಇಟ್ಟು ಅಲ್ಲಿಯೇ ನಿಂತು, ಬರಬಹುದೇನವಾ ಎಂದು ಕೇಳಿದರು. ಗುಲ್ನಾಜ ತಾನು ಉತ್ತರಿಸದೆ ನೀಲಾಳ ಕಡೆ ತಿರುಗಿದಳು; ಇವತ್ತು ಈ ಜಾಗ ಯಾರದೋ ಅವರು ಹೇಳಬೇಕು. ನೀಲಾಳಿಗೆ ಕಣ್ಣು ತುಂಬಿಬಂತು, ತುಂಬಿಬಂದ ಕಣ್ಣಿನ ಹಿಂದೆಯೇ ಬೆಳಗಿನಿಂದ ಹೋಗದೆ ಉಳಿದಿದ್ದ ನಗುವೂ ಬಂತು, ಎರಡನ್ನೂ ತಡೆಯಲಾರದೆ ಅವಳು ನುಗ್ಗೆಯ ಗಿಡದ ತುದಿಯನ್ನು ನೋಡುತ್ತ ಕೇಳಿದಳು:

"ಎಲ್ಲಾ ಆರಾಮ ಅದೀರಲ್ರಿ?"

ಉಸ್ಮಾನಸಾಬರು ಒಂದು ಗಳಿಗೆ ಅವಳನ್ನೇ ನೋಡಿದರು. "ಆರಾಮ ಅದೇನಿ ಬೇಟಿ," ಎಂದರು, ನಗಲಿಲ್ಲ. ಸಾಬೂನಿನ ನೀರು ಹರಿದ ನೆಲದ ಮೇಲೆ ಬರಿಗಾಲಲ್ಲಿ ಜಾರದಂತೆ ಹೆಜ್ಜೆಯಿಡುತ್ತ ಬಳ್ಳಿಯ ಹತ್ತಿರ ಬಂದರು.